ಮಾವ ಹತ್ತಿದರೆ ದೀಪವೂ ಹತ್ತುತ್ತದೆ

"ಮೆಕ್ಯಾನಿಕ್ ಯಾಕೆ? ನಾನಿಲ್ವಾ?"

ಎದೆ ತಟ್ಟಿಕೊಂಡು ನಾನು ಈ ಮಾತು ಹೇಳಿದಾಗ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ನೀವಿದ್ದೀರಲ್ಲ, ಅದೇ ಭಯ," ಅಂದು ಮತ್ತೆ ಮಡಚತೊಡಗಿದಳು.

ವಿಷಯ ಏನಪ್ಪಾ ಅಂದರೆ, ನಮ್ಮ ಬಳಿ ಒಂದು ಮೋಟರ್‌ಹೋಮ್ ಇದೆ. ನಾವು ಅದನ್ನು ಮನೆಗಾಡಿ ಅನ್ನುತ್ತೇವೆ. ಒಲೆ, ಸಿಂಕು, ಮಡಚುವ ಮೇಜು, ಕಾಲು ಚಾಚಿ ಮಲಗಬಹುದಾದ ಹಾಸಿಗೆ ಎಲ್ಲವೂ ಇರುವ ಉದ್ದನೆಯ ವ್ಯಾನು. ಸೆಕೆಂಡ್ ಹ್ಯಾಂಡ್. ಕೊಂಡಾಗ ಎಲ್ಲ ಸರಿಯಾಗಿಯೇ ಇತ್ತು. ಇತ್ತೀಚೆಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಆಗಾಗ ಹತ್ತಿಕೊಳ್ಳಲು ಶುರುವಾಗಿತ್ತು. ಎಬಿಎಸ್ ದೀಪ! ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ ಒಂದಿದೆಯಲ್ಲ, ಅದಕ್ಕೆ ಹುಷಾರಿಲ್ಲ ಎಂದು ಹೇಳುವ ದೀಪ. ಹುಷಾರಿಲ್ಲದಿದ್ದರೆ ಪೂರ್ತಿ ಹುಷಾರಿಲ್ಲದೆ ಮಲಗಬೇಕು, ಅದು ಮರ್ಯಾದೆ. ಇದು ಹಾಗಲ್ಲ! ಹತ್ತುತ್ತದೆ. ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಗೊತ್ತಿಲ್ಲದಂತೆ ಆರಿ ಕೂರುತ್ತದೆ. ಸ್ಕೂಲಿಗೆ ಹೊರಡುವ ಹೊತ್ತಿಗೆ ಮಕ್ಕಳಿಗೆ ಬರುವ ಹೊಟ್ಟೆನೋವಿನ ಹಾಗೆ.

ನಾನು ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವವನು. ಮುನ್ಸೂಚನೆ ಕೊಡುವುದು ನನ್ನ ವೃತ್ತಿ. ಅದು ಸುಳ್ಳಾದಾಗ ಯಾಕೆ ಸುಳ್ಳಾಯಿತು ಎಂದು ವಿವರಿಸುವುದು ನನ್ನ ನಿಜವಾದ ಪರಿಣತಿ. ಆಕಾಶದಷ್ಟು ದೊಡ್ಡ ಮೋಡಗಳ ಜಾತಕ ಬರೆಯುವವನಿಗೆ ಹುರುಳಿಕಾಳಿನಷ್ಟು ಗಾತ್ರದ ದೀಪ ಯಾವ ಲೆಕ್ಕ, ಹೇಳಿ!

ಆದರೆ ಈ ದೀಪದ ಹಿಂದೆ ಒಂದು ದೊಡ್ಡ ವಿಷಯವೇ ಇತ್ತು. ಬೆಟ್ಟದ ಆಚೆ ಬದಿಯ ಊರಿನಲ್ಲಿ ನನ್ನ ಮಾವನವರ ತಂಗಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು. "ಅಣ್ಣನ್ನ ಒಂದ್ಸಲ ಕರ್ಕೊಂಡು ಬಾರೇ, ಮುಖ ನೋಡ್ಬೇಕು ಅನ್ನಿಸ್ತಿದೆ," ಎಂದು ನನ್ನ ಹೆಂಡತಿಗೆ ಫೋನು ಮಾಡಿ ಅಳುತ್ತಿದ್ದರು. ಮಾವನವರಿಗೋ ಬೆನ್ನುನೋವು. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲಾಗದು. ಆಗಾಗ ಗಾಡಿ ನಿಲ್ಲಿಸಿ ಮಲಗಿಸಬೇಕು. ಅಣ್ಣ ತಂಗಿಯ ಮುಖ ನೋಡಬೇಕಾದರೆ ನಮ್ಮ ಮನೆಗಾಡಿಯೇ ಗತಿ.

ಆದರೆ ಮಾವನವರು ಸಾಮಾನ್ಯ ಪ್ರಯಾಣಿಕರಲ್ಲ. ಆಯುಷ್ಯವೆಲ್ಲ ಬೆಟ್ಟದ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಒಂದು ಕೋಳಿಯ ಪುಕ್ಕವನ್ನೂ ಮುಟ್ಟದ ಡ್ರೈವರ್ ಎಂಬ ಬಿರುದು ಅವರಿಗಿತ್ತು. ಊರೊಳಗೆ ನನ್ನ ಜೊತೆ ಓಡಾಡುವಾಗ ಅವರು ದೀಪದ ಕಡೆ ಗಮನ ಕೊಟ್ಟಿರಲಿಲ್ಲ. ತಂಗಿಯ ಊರಿಗೆ ಮೊದಲ ಸಲ ಹೊರಟ ದಿನ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದಾಗ ಆ ಹಳದಿ ದೀಪವನ್ನು ಕಂಡವರೇ ಸೀಟ್ ಬೆಲ್ಟ್ ಬಿಚ್ಚಿದರು.

"ಅಳಿಯಂದಿರೇ, ಬೇಜಾರು ಮಾಡ್ಕೋಬೇಡಿ. ಬ್ರೇಕಿನ ದೀಪ ಹತ್ತೋ ಗಾಡೀಲಿ ನಾನು ಬೆಟ್ಟಕ್ಕೆ ಬರಲ್ಲ. ಹತ್ತೋದೇನೋ ಹೆಂಗೋ ಹತ್ತಬಹುದು. ಇಳಿಯೋದು ಅಂತ ಒಂದಿದೆಯಲ್ಲ!"

"ಮಾವ, ಮುಂದಿನ ವಾರ ಇಷ್ಟು ಹೊತ್ತಿಗೆ ನೀವು ನಿಮ್ಮ ತಂಗಿ ಮನೇಲಿ ಕಾಫಿ ಕುಡೀತಿರ್ತೀರಿ. ಇದು ನನ್ನ ಮುನ್ಸೂಚನೆ!" ಎಂದು ಘೋಷಿಸಿದೆ.

"ಹಾಗಾದ್ರೆ ಇವತ್ತೇ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡಪ್ಪಾ," ಎಂದು ಹಿಂದಿನಿಂದ ನನ್ನ ಹೆಂಡತಿಯ ಧ್ವನಿ ಬಂತು.

ಹೀಗೆ ಮಹಾಯುದ್ಧ ಶುರುವಾಯಿತು. ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ಇರುತ್ತದೆ, ಅದು ಚಕ್ರ ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ನೋಡುತ್ತಿರುತ್ತದೆ, ಕೊಳೆ ಕೂತರೆ ಅದಕ್ಕೆ ಗೊಂದಲವಾಗುತ್ತದೆ ಎಂದು ಓದಿದೆ. ಸರಿ, ಹಳೆ ಬನಿಯನ್ ತೊಟ್ಟು ಗಾಡಿಯ ಕೆಳಗೆ ನುಸುಳಿದೆ. ನಾಲ್ಕೂ ಸೆನ್ಸರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಆ ಬ್ರಷ್ಷು ಯಾರದ್ದಾಗಿತ್ತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಒಮ್ಮತವಿಲ್ಲ. ಹೊರಗೆ ಬಂದಾಗ ನನ್ನ ಗುರುತು ನಮ್ಮ ಬೀದಿಯ ನಾಯಿಗೇ ಸಿಗಲಿಲ್ಲ. ಅಟ್ಟಿಸಿಕೊಂಡು ಬಂತು.

ಸಂಜೆ ಒಬ್ಬನೇ ಗಾಡಿ ತೆಗೆದುಕೊಂಡು ಊರೆಲ್ಲ ಸುತ್ತಿದೆ. ದೀಪ ಹತ್ತಲಿಲ್ಲ! ಮಾರನೇ ದಿನವೂ ಸುತ್ತಿದೆ. ಹತ್ತಲಿಲ್ಲ! ಮೀಸೆ ಇಲ್ಲದಿದ್ದರೂ ಮೀಸೆ ತಿರುವಿಕೊಂಡು ಬಂದು ಮಾವನವರನ್ನು ಹತ್ತಿಸಿಕೊಂಡೆ. ಮೊದಲನೇ ಸರ್ಕಲ್ಲು ಬಂತು. ಅಡ್ಡ ಬಂದ ಆಟೋಗೆ ಬ್ರೇಕ್ ಹಾಕಬೇಕು ಅನ್ನುವಷ್ಟರಲ್ಲಿ ಗಾಡಿಯ ಅಡಿಯಿಂದ "ದಬ್!" ಎಂಬ ಶಬ್ದ. ಹಳದಿ ದೀಪ ಝಗ್ಗೆಂದು ಹತ್ತಿತು. ಮಾವನವರು ಸೀಟ್ ಬೆಲ್ಟ್ ಬಿಚ್ಚಿದರು.

ವಿಧಿಯಿಲ್ಲದೆ ಮೆಕ್ಯಾನಿಕ್ ಬಳಿ ಹೋದೆ. ಆತ ಒಂದು ಪುಟ್ಟ ಯಂತ್ರವನ್ನು ಗಾಡಿಗೆ ಚುಚ್ಚಿ ನೋಡಿದ.

"ಮುಂದಿನ ಎಡಚಕ್ರದಿಂದ ಬರೋ ಸುದ್ದಿ ಆಗಾಗ ಕಟ್ ಆಗ್ತಿದೆ ಸಾರ್. ಸೆನ್ಸರ್ ಹೋಗಿರ್ಬೇಕು. ಬದಲಾಯಿಸೋಣ."

"ಮತ್ತೆ ಅಡಿಯಿಂದ ದಬ್ ಅಂತ ಸದ್ದು ಬರುತ್ತಲ್ಲ?"

"ಶಾಕ್ ಅಬ್ಸಾರ್ಬರ್ ಇರ್ಬಹುದು," ಎಂದು ಆತ ಬಂಪರಿನ ಮೇಲೆ ಹತ್ತಿ ಕುಣಿದ. ನನಗೂ ಕುಣಿಯಲು ಹೇಳಿದ. ಇಬ್ಬರೂ ಸೇರಿ ಕುಣಿದೆವು. ಗಾಡಿ ದಬ್ ಅನ್ನಲಿಲ್ಲ. ಹೊಸ ಸೆನ್ಸರ್ ಹಾಕಿ ಆತನೇ ಒಂದು ಸುತ್ತು ಓಡಿಸಿಕೊಂಡು ಬಂದ. "ಮಗು ಥರ ಇದೆ ಸಾರ್!" ಅಂದ. ನಾನೂ ಮಗುವನ್ನು ಕರೆದುಕೊಂಡು ಮನೆಗೆ ಬಂದೆ. ಮಾವನವರನ್ನು ಹತ್ತಿಸಿಕೊಂಡೆ. ಸರ್ಕಲ್ಲು ಬಂತು. ದಬ್! ದೀಪ!

ಆ ಕ್ಷಣ ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. ನಾನು ಒಬ್ಬನೇ ಹೋದರೆ ದೀಪ ಹತ್ತುವುದಿಲ್ಲ. ಮೆಕ್ಯಾನಿಕ್ ಓಡಿಸಿದರೆ ಹತ್ತುವುದಿಲ್ಲ. ಹೆಂಡತಿ ಪಕ್ಕದಲ್ಲಿ ಕೂತರೂ ಹತ್ತುವುದಿಲ್ಲ. ಮಾವ ಹತ್ತಿದರೆ ಮಾತ್ರ ದೀಪವೂ ಹತ್ತುತ್ತದೆ! ಅಂದ ಮೇಲೆ ದೋಷ ಗಾಡಿಯದ್ದಲ್ಲ. ದೋಷ ಮಾವನವರದ್ದು!

"ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಕಟ್ಟಬೇಡಿ," ಅಂದಳು ಹೆಂಡತಿ. "ಅಪ್ಪ ಮನುಷ್ಯ ರೀ. ಏನು ಕರೆಂಟ್ ಕಂಬಾನಾ?"

"ಕರೆಂಟ್ ಅಲ್ಲ ಕಣೇ, ಅಯಸ್ಕಾಂತ!" ಎಂದೆ ನಾನು. "ಸೆನ್ಸರ್ ಕೆಲಸ ಮಾಡೋದೇ ಅಯಸ್ಕಾಂತದಿಂದ. ನಿಮ್ಮಪ್ಪ ಮೊಣಕಾಲಿಗೆ ಕಟ್ಟಿಕೊಂಡಿರೋ ಪಟ್ಟಿ ಎಂಥದ್ದು?"

ಅವಳು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಯಾಕೆಂದರೆ ಮಾವನವರು ಇತ್ತೀಚೆಗೆ ಬಲ ಮೊಣಕಾಲು ನೋವೆಂದು ಅಯಸ್ಕಾಂತದ ಪಟ್ಟಿಯೊಂದನ್ನು ತರಿಸಿ ಕಟ್ಟಿಕೊಂಡಿದ್ದರು! ನನ್ನ ವೈವಾಹಿಕ ಜೀವನದಲ್ಲಿ ಹೆಂಡತಿ ಉತ್ತರವಿಲ್ಲದೆ ನಿಂತದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಂದೆ ಆಗಬಾರದ್ದೆಲ್ಲ ಆದದ್ದು ಆ ಸಂತೋಷದಿಂದಲೇ.

ಮಾರನೇ ದಿನ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಮಾವನವರನ್ನು ಪ್ರಯೋಗಕ್ಕೆ ಕೂರಿಸಿದೆ. ಮೊಣಕಾಲಿನ ಪಟ್ಟಿ ಬಿಚ್ಚಿಸಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮನೆಯ ಮೆಟ್ಟಿಲ ಮೇಲಿಟ್ಟು ಒಂದು ಸುತ್ತು ಹೋದೆ. ದಬ್! ದೀಪ! ಹಾಗಾದರೆ ಕಿವಿಯ ಯಂತ್ರ. ಅದರಲ್ಲೂ ಪುಟ್ಟ ಅಯಸ್ಕಾಂತವಿರುತ್ತದಂತೆ. ಬಿಚ್ಚಿಸಿದೆ. ದಬ್! ದೀಪ! ವಾಚು. ದೀಪ! ಬೀಗದ ಕೈ ಗೊಂಚಲು. ದೀಪ! ಲೋಹದ ಚೌಕಟ್ಟಿನ ಕನ್ನಡಕ. ದೀಪ! ಕೊನೆಗೆ ಪ್ಯಾಂಟಿನ ಬೆಲ್ಟ್ ಒಂದೇ ಉಳಿದಿತ್ತು. ಅದರ ಬಕಲ್ ಸಾಕಷ್ಟು ದಪ್ಪವಿತ್ತು.

"ಮಾವ, ಅದೊಂದು ಬಿಚ್ಚಿಬಿಟ್ರೆ..."

"ಆಂ?" ಅಂದರು ಮಾವ. ಕಿವಿಯ ಯಂತ್ರ ಡಬ್ಬಿಯಲ್ಲಿತ್ತಲ್ಲ.

"ಬೆಲ್ಟು! ಬೆಲ್ಟು!" ಎಂದು ನಾನು ಸನ್ನೆ ಮಾಡಿ ತೋರಿಸಿದೆ. ಪಾಪ, ತಂಗಿಯ ಮುಖ ನೋಡುವ ಆಸೆ. ಬಿಚ್ಚಿ ಕೊಟ್ಟರು. ಈ ಸಲ ಡಬ್ಬಿಯನ್ನು ಮೆಟ್ಟಿಲ ಮೇಲಿಡಲು ಮರೆತು ಹಿಂದಿನ ಸಿಂಕಿನಲ್ಲಿಟ್ಟು ಹೊರಟೆ. ದೊಡ್ಡ ರಸ್ತೆಯ ಚೌಕದಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದದ್ದು ನನಗೆ ಕಂಡದ್ದು ಸ್ವಲ್ಪ ತಡವಾಗಿ. ದಬ್! ದೀಪ! ಕಿರ್‍ರ್! ಗಾಡಿ ಪೊಲೀಸಪ್ಪನ ಬೂಟಿನ ಎದುರಿಗೇ ನಿಂತಿತು.

ಆತ ನನ್ನ ಕಿಟಕಿಗೆ ಬರಲಿಲ್ಲ. ಮಾವನವರ ಕಿಟಕಿಗೆ ಹೋದ. ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಕಣ್ಣು ಕಿರಿದು ಮಾಡಿಕೊಂಡು ಕೂತ ಮುದುಕರನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ.

"ಅಜ್ಜಾ, ಏನಾಯ್ತು? ಯಾಕೆ ಹಿಂಗ್ ಕೂತಿದೀರಾ?"

"ಆಂ?"

"ಏನಾಯ್ತು ಅಂದೆ!"

"ಎಲ್ಲಾ ತಗೊಂಡ್ರು!" ಎಂದು ಮಾವನವರು ಇಡೀ ಚೌಕಕ್ಕೆ ಕೇಳುವಂತೆ ಕೂಗಿದರು. "ವಾಚು ತಗೊಂಡ್ರು, ಕನ್ನಡಕ ತಗೊಂಡ್ರು, ಬೆಲ್ಟೂ ಬಿಚ್ಚಿಸಿದ್ರು! ಇನ್ನು ಹಲ್ಲಿನ ಸೆಟ್ಟೊಂದು ಬಾಕಿ!"

ಹಿಂದಿನ ಗಾಡಿಗಳ ಹಾರ್ನು ಕೂಡ ನಿಂತುಹೋಯಿತು. ಪೊಲೀಸಪ್ಪ ಒಳಗೆ ಹತ್ತಿ ಸಿಂಕಿನಲ್ಲಿದ್ದ ಡಬ್ಬಿ ತೆರೆದು ನೋಡಿದ. ಅಲ್ಲಿ ಮುದ್ದೇಮಾಲು ಪೂರ್ತಿ ಇತ್ತು.

"ಇವರು ನಿಮಗೇನಾಗ್ಬೇಕು?" ಎಂದು ನನ್ನನ್ನು ಕೇಳಿದ.

"ಮಾವ ಸಾರ್. ಸ್ವಂತ ಮಾವ. ಬ್ರೇಕ್ ರಿಪೇರಿಗೆ ಇದೆಲ್ಲ ಬಿಚ್ಚಿಸಿದ್ದು."

ಈ ವಾಕ್ಯ ನನ್ನ ಬಾಯಿಂದ ಹೊರಬಿದ್ದ ಮೇಲೆ ನನಗೇ ನನ್ನ ಮೇಲೆ ನಂಬಿಕೆ ಹೋಯಿತು. ಆತ ನನ್ನ ಫೋನು ಇಸಿದುಕೊಂಡು ಹೆಂಡತಿಗೆ ಕರೆ ಮಾಡಿ ವಿಷಯ ವಿವರಿಸಿದ. ಆಮೇಲೆ ಅವಳ ಧ್ವನಿ ಸ್ಪೀಕರಿನಲ್ಲಿ ತಣ್ಣಗೆ ಬಂತು.

"ಹೌದು ಸಾರ್, ಅವರು ನಮ್ಮ ಮನೆಯವರೇ. ಬಿಟ್ಟುಬಿಡಿ. ನಾನೇ ನೋಡ್ಕೋತೀನಿ."

ಪೊಲೀಸಪ್ಪ ನನ್ನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಕೋಪ ಹೋಗಿ ಅನುಕಂಪ ಬಂದಿತ್ತು. "ಹುಷಾರಾಗಿ ಮನೆಗೆ ಹೋಗಿ," ಅಂದ.

ಹೆಂಡತಿ ಕೆಲಸ ಬಿಟ್ಟು ಆಗಲೇ ಮನೆಗೆ ಬಂದಿದ್ದಳು. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದಿದ್ದರೆ ಚೆನ್ನಾಗಿತ್ತು. ನಾವು ಒಳಗೆ ಕಾಲಿಟ್ಟ ಮೇಲೆ ಮಾವನವರು ಬೆಲ್ಟು ಹಾಕಿಕೊಂಡು, ಕಿವಿಯ ಯಂತ್ರ ಸಿಕ್ಕಿಸಿಕೊಂಡು ಸೀದಾ ತಂಗಿಗೆ ಫೋನು ಮಾಡಿದರು. ಹಜಾರದಲ್ಲಿ ನಾವಿಬ್ಬರೂ ಕೇಳುವಂತೆಯೇ ಮಾತಾಡಿದರು.

"ನಾನು ಬರೋಕಾಗಲ್ಲ ಕಣಮ್ಮಾ. ಗಾಡಿಯೆಲ್ಲ ಸರಿಯಾಗಿದೆ. ನನ್ನ ಮೈಯಲ್ಲೇ ಏನೋ ದೋಷ ಇದೆಯಂತೆ. ನಾನು ಹತ್ತಿದ್ರೆ ಕೆಡುತ್ತಂತೆ. ಇರ್ಲಿ ಬಿಡು. ನೀನು ಅಳಬೇಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಾನು ಮಾಡಿದ್ದು ಅದನ್ನೇ. ಗಾಡಿಯ ರೋಗಕ್ಕೆ ಮುದುಕರಿಗೆ ಬರೆ ಹಾಕಿದ್ದೆ. ನಿಜವಾಗಿ ಹೇಳುತ್ತೇನೆ, ಆ ದಿನ ನನಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಹೆಂಡತಿ ಬಾಗಿಲ ಬಳಿ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು.

"ಕೀ ಕೊಡಿ."

"ಅದು ಉದ್ದದ ಗಾಡಿ ಕಣೇ. ನಿನಗೆ ಅಭ್ಯಾಸ ಇಲ್ಲ..."

"ಕೀ!"

ಕೊಟ್ಟೆ. ಬೆಳಿಗ್ಗೆ ಅವಳು ಅಪ್ಪನನ್ನು ಪುಸಲಾಯಿಸಿ, "ಮೆಕ್ಯಾನಿಕ್ ಹತ್ರ ಹೋಗಿ ಬರೋಣ, ಅಷ್ಟೇ," ಎಂದು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡಳು. ಮೊಣಕಾಲಿನ ಪಟ್ಟಿ, ವಾಚು, ಬೀಗದ ಕೈ, ಬೆಲ್ಟು, ಎಲ್ಲ ಆಭರಣ ಸಮೇತ! ನನ್ನನ್ನು ಹಿಂದೆ ಸಿಂಕಿನ ಪಕ್ಕದ ಬೆಂಚಿಗೆ ಗಡೀಪಾರು ಮಾಡಲಾಯಿತು. ಸರ್ಕಲ್ಲು ಬಂತು. ನಾನು ಕತ್ತು ಉದ್ದ ಮಾಡಿ ಕಾದೆ. ದಬ್ ಇಲ್ಲ. ದೀಪ ಇಲ್ಲ. ಚೌಕ ಬಂತು. ನಮ್ಮ ಪೊಲೀಸಪ್ಪ ಮಾವನವರಿಗೆ ಕೈ ಬೀಸಿದ. ದೀಪ ಇಲ್ಲ. ಮಾವನವರು ಆರಾಮಾಗಿ ಕಿಟಕಿಯಾಚೆ ನೋಡುತ್ತಾ, "ಇಲ್ಲಿ ಮೊದಲು ಒಂದು ಸಿನಿಮಾ ಥಿಯೇಟರ್ ಇತ್ತು," ಎಂದು ಮಗಳಿಗೆ ತೋರಿಸುತ್ತಿದ್ದರು. ಗಾಡಿ ಸರಿಯಾಯಿತೆಂದು ಖುಷಿಪಡಬೇಕಾದವನು ನಾನು. ಆದರೆ ದೀಪ ಒಂದು ಸಲವಾದರೂ ಹತ್ತಲಿ ಎಂದು ಡ್ಯಾಶ್‌ಬೋರ್ಡನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ.

ಮೆಕ್ಯಾನಿಕ್ ಅಂಗಡಿ ಇನ್ನೇನು ಬಂತು ಅನ್ನುವಾಗ ಅವಳು ಗಾಡಿ ಬದಿಗೆ ನಿಲ್ಲಿಸಿದಳು.

"ಈಗ ನೀವು ಓಡಿಸಿ. ಅಪ್ಪ ಅಲ್ಲೇ ಕೂತಿರ್ಲಿ."

ನಾನು ಸ್ಟೇರಿಂಗ್ ಹಿಡಿದೆ. ಅವಳು ಬೆಂಚಿಗೆ ಹೋಗಿ ಬೆಲ್ಟು ಕಟ್ಟಿಕೊಂಡು ಮುಂದಕ್ಕೆ ಬಾಗಿ ಕೂತಳು. ರಸ್ತೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. ನಾನು ಗೇರು ಹಾಕಿ, ಎದುರಿನ ಲಾರಿಯ ಹಿಂದೆ ಎಂದಿನ ನನ್ನ ಗಾಂಭೀರ್ಯದಲ್ಲಿ ಹೋಗುತ್ತಿದ್ದೆ. ಲಾರಿ ನಿಧಾನವಾಯಿತು. ದಬ್! ದೀಪ!

"ನಿಲ್ಸಿ!" ಎಂದು ಅವಳು ಕಿರುಚಿದಳು. ನಿಲ್ಲಿಸಿದೆ.

"ಅಪ್ಪಾ, ಕಾಲೆತ್ತು."

"ಯಾಕಮ್ಮಾ?"

"ಎತ್ತು ಅಂದೆ."

ಮಾವನವರು ಬಲಗಾಲೆತ್ತಿದರು. ಅವಳು ಬಂದು ಕೆಳಗಿನ ಮ್ಯಾಟನ್ನು ಸರಿಸಿದಳು. ಅದರಡಿಯಲ್ಲಿ ವೈರಿನ ಕಟ್ಟೊಂದು ಸಾಗಿತ್ತು. ಮಧ್ಯದಲ್ಲಿ ಎರಡು ವೈರು ಸೇರುವ ಜಾಗದ ಪ್ಲಾಸ್ಟಿಕ್ ಸಾಕೆಟ್ಟು ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಅವಳು ಅದನ್ನು ಬೆರಳಿನಿಂದ ಒತ್ತಿದಳು. ಮೇಲೆದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ನೀವು ಬ್ರೇಕ್ ಹಾಕೋಕೆ ಮುಂಚೆ ಅಪ್ಪ ಹಾಕ್ತಿದಾರೆ ರೀ! ಲಾರಿ ಕಂಡ ತಕ್ಷಣ ನೆಲಾನ ದಬ್ ಅಂತ ತುಳಿದ್ರು. ಆ ಸದ್ದೂ ಅದೇ, ಈ ದೀಪಾನೂ ಅದೇ."

"ನಾನೆಲ್ಲಿ ತುಳಿದೆ?" ಎಂದು ಮಾವನವರು ಪ್ರಾಮಾಣಿಕವಾಗಿಯೇ ಗಾಬರಿಯಾದರು. "ಕಾಲು ಅದಾಗೇ ಹೋಗಿರ್ಬೇಕು. ಎದುರಿಗೆ ಲಾರಿ ಇತ್ತು. ಇವರು ಹಿಡೀಲಿಲ್ಲ. ಯಾರಾದ್ರೂ ಒಬ್ರು ಹಿಡೀಬೇಕಲ್ಲಮ್ಮಾ?"

"ಹಾಗಾದ್ರೆ ನೀನು ಓಡಿಸುವಾಗ ಯಾಕೆ ತುಳೀಲಿಲ್ಲ?" ಎಂದು ನಾನು ಹೆಂಡತಿಯನ್ನು ಸವಾಲು ಹಾಕುವವನಂತೆ ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನಾನು ಹಿಡೀತೀನಲ್ಲ!"

"ಸರಿ, ನನ್ನ ಪಕ್ಕ ನೀನು ಕೂತಾಗಲೂ ಹತ್ತಲ್ಲವಲ್ಲ?"

"ನಾನು ಕಣ್ಣು ಮುಚ್ಕೊಂಡು ಕೂತಿರ್ತೀನಿ," ಅಂದಳು.

ಮೆಕ್ಯಾನಿಕ್ ಮ್ಯಾಟು ಎತ್ತಿ ನೋಡಿ, "ಅಯ್ಯೋ ಸಾರ್, ಇದನ್ನ ಯಾರೋ ಜೀವ ಹೋಗೋ ಥರ ತುಳಿದಿದಾರೆ!" ಅಂದ. ಮುಂದಿನ ಚಕ್ರದ ವೈರು ಅದರ ಮೂಲಕವೇ ಹೋಗುತ್ತಿತ್ತಂತೆ. ತುಳಿದಾಗ ಸಂಪರ್ಕ ತಪ್ಪಿ ದೀಪ ಹತ್ತುತ್ತಿತ್ತು. ಬಲ ಮೊಣಕಾಲು ಯಾಕೆ ನೋಯುತ್ತಿತ್ತು ಎಂಬುದೂ ಮಾವನವರಿಗೆ ಆಗಲೇ ಗೊತ್ತಾಯಿತು. ಆತ ಹೊಸ ಸಾಕೆಟ್ಟು ಹಾಕಿ, ವೈರನ್ನು ಯಾರ ಕಾಲಿಗೂ ಸಿಗದಂತೆ ಪಕ್ಕದ ಗೋಡೆಗೆ ಏರಿಸಿ ಕಟ್ಟಿದ. ನಾವು ಬಂಪರಿನ ಮೇಲೆ ಕುಣಿದ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ನಾನಾಗಿಯೇ ಮಾವನವರ ಮುಂದೆ ಹೋಗಿ, "ತಪ್ಪಾಯ್ತು ಮಾವ. ದೋಷ ನಿಮ್ಮದಲ್ಲ, ನಂದು," ಎಂದೆ.

"ಛೇ ಛೇ, ಹಾಗೆಲ್ಲ ಅನ್ಬೇಡಿ ಅಳಿಯಂದಿರೇ. ನಿಮಗೆ ಮೋಡ ನೋಡಿ ಅಭ್ಯಾಸ. ರಸ್ತೆ ಕೆಳಗಿರುತ್ತೆ," ಎಂದು ಅವರು ಸಮಾಧಾನ ಹೇಳಿದರು. ಹೆಂಡತಿ ನಗು ತಡೆಯಲಾಗದೆ ಸಿಂಕಿನ ಕಡೆ ತಿರುಗಿದಳು.

ಆ ಶನಿವಾರ ಹೊರಟೆವು. ಬೆಟ್ಟದ ಬುಡದವರೆಗೆ ನಾನು, ಬೆಟ್ಟಕ್ಕೆ ಅವಳು ಎಂದು ಒಪ್ಪಂದವಾಯಿತು. ಒಪ್ಪಂದ ಎಂದರೆ ಅವಳು ಹೇಳಿದಳು, ನಾನು ಒಪ್ಪಿದೆ. ದೀಪ ಒಂದು ಸಲವೂ ಹತ್ತಲಿಲ್ಲ. ನಡುನಡುವೆ ನಿಲ್ಲಿಸಿ ಮಾವನವರನ್ನು ಹಾಸಿಗೆಯ ಮೇಲೆ ಮಲಗಿಸಿದೆವು. ಬೆಟ್ಟದ ತಿರುವುಗಳಲ್ಲಿ ಅವರು ಪಕ್ಕದ ಸೀಟಿನಲ್ಲಿ ಕೂತು ಗೊರಕೆ ಹೊಡೆದರು.

ತಂಗಿ ವಾಕರ್ ಹಿಡಿದುಕೊಂಡು ಬಾಗಿಲಿಗೇ ಬಂದು ನಿಂತಿದ್ದರು. ಅಣ್ಣ ತಂಗಿ ಕೈ ಕೈ ಹಿಡಿದುಕೊಂಡು ನಿಂತರು. ಹೆಂಡತಿ ಜೋರಾಗಿ ಮೂಗು ಒರೆಸಿಕೊಂಡಳು. ಈ ಮುಖ ನೋಡುವುದನ್ನು ನಾನು ಇನ್ನೇನು ತಪ್ಪಿಸಿಬಿಟ್ಟಿದ್ದೆನಲ್ಲ ಎಂದುಕೊಂಡು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಕಾಫಿ ಬಂತು. ನನ್ನ ಮುನ್ಸೂಚನೆ ತಡವಾಗಿಯಾದರೂ ನಿಜವಾಯಿತಲ್ಲ ಎಂದು ನಾನು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿ ಕೂತೆ.

"ಬೆನ್ನು ನೋವಾಗ್ಲಿಲ್ವಾ ಅಣ್ಣಾ, ಅಷ್ಟು ದೂರ?" ಎಂದು ತಂಗಿ ಕೇಳಿದರು.

"ಏನೂ ಆಗ್ಲಿಲ್ಲ ಕಣಮ್ಮಾ. ಬೆಟ್ಟ ಪೂರ್ತಿ ಮಗಳು ಓಡಿಸಿದ್ಳು. ನಾನು ನಿದ್ದೆ ಹೊಡೆದೆ."

"ಮತ್ತೆ ಅಲ್ಲೀವರೆಗೆ? ಅಳಿಯಂದಿರು ಓಡಿಸಿದ್ರಾ?"

ಮಾವನವರು ನನ್ನ ಕಡೆ ಒಮ್ಮೆ ನೋಡಿದರು. ನನ್ನ ಮರ್ಯಾದೆ ಉಳಿಸಲು ಅವರು ಮನಸ್ಸಿನಲ್ಲೇ ಪರದಾಡುತ್ತಿರುವುದು ನನಗೆ ಕಂಡಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕಾಫಿ ಲೋಟ ಕೆಳಗಿಟ್ಟು, ಬಲ ಮೊಣಕಾಲನ್ನು ನೀವಿಕೊಳ್ಳುತ್ತಾ ಹೇಳಿದರು.

"ಅಲ್ಲೀವರೆಗೆ ನಾವಿಬ್ರೂ ಸೇರಿ ಓಡಿಸಿದ್ವಿ. ಸ್ಟೇರಿಂಗ್ ಅವರದ್ದು, ಬ್ರೇಕು ನಂದು!"